ಖಾಲಿ ಕಾಲಂ ನುಂಗಿದ ಪ್ರೋಗ್ರಾಂ

ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಸಿಟ್ಟಾಗುವುದು ಬಹಳ ಇದೆ. ನನ್ನ ಪಾಲನ್ನು ಮುಚ್ಚಿಟ್ಟು ಸಿಟ್ಟಾದರೆ ಅದು ಸಿಟ್ಟಲ್ಲ, ನಾಟಕ.

ಹರಿಹರದಲ್ಲಿ ನಾವು ಮಾಡುವುದು ವಾಲ್ವ್ ಬಾಡಿಗಳು, ಅಂದರೆ ವಾಲ್ವಿನ ಹೊರಗಿನ ಕಬ್ಬಿಣದ ಕವಚ. ಎರಕದ ತುಂಡು ಹೊರಗಿನ ಫೌಂಡ್ರಿಯಿಂದ ಬರುತ್ತದೆ, ನಮ್ಮಲ್ಲಿ ಲೇತಿಗೆ ಹಾಕಿ, ಕೊರೆದು, ಕೊನೆಗೆ ಒಳಗೆ ನೀರು ತುಂಬಿ ಒತ್ತಡ ಕೊಟ್ಟು ಸೋರುತ್ತದೋ ಇಲ್ಲವೋ ನೋಡುತ್ತೇವೆ. ಹದಿನಾರು ಕೇಜಿ ಒತ್ತಡಕ್ಕೆ ಏರಿಸಬೇಕು, ಐದು ನಿಮಿಷ ಹಾಗೇ ಬಿಡಬೇಕು, ಗೇಜಿನ ಮುಳ್ಳು ಅರ್ಧ ಕೇಜಿಗಿಂತ ಹೆಚ್ಚು ಇಳಿಯಬಾರದು. ಹಗಲು ಪಾಳಿಯಲ್ಲಿ ಈ ಕೆಲಸ ಮಾಡುವವರು ಒಬ್ಬ ಹೆಣ್ಣುಮಗಳು. ನಾವೆಲ್ಲ ಅಕ್ಕ ಅನ್ನುತ್ತೇವೆ. ಹನ್ನೊಂದು ವರ್ಷದಿಂದ ಅದೇ ಮೇಜು, ಅದೇ ಗೇಜು.

ನಾನು ಲೇತಿನ ಮೇಲೆ ಕೆಲಸ ಮಾಡುವ ಟರ್ನರ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪರೀಕ್ಷೆಯ ಮೇಜಿನ ಪಕ್ಕದಲ್ಲಿ ಒಂದು ಹಳೆ ಕಂಪ್ಯೂಟರ್ ಇದೆ. ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟ ಮನುಷ್ಯ ಊರು ಬಿಟ್ಟ ಮೇಲೆ, ಅದು ಕೆಟ್ಟಾಗಲೆಲ್ಲ ಯಾರೂ ಮುಟ್ಟುತ್ತಿರಲಿಲ್ಲ. ನಾನು ದಾವಣಗೆರೆಯಲ್ಲಿ ಒಂದು ಹಳೆ ಪುಸ್ತಕ ಕೊಂಡು, ಊಟದ ಬಿಡುವಿನಲ್ಲಿ ಸಿ ಭಾಷೆ ಕಲಿತೆ. ಎರಡು ವರ್ಷ ಹಿಡಿಯಿತು. ಯಾರೂ ಕಲಿಸಲಿಲ್ಲ. ಅದರ ಹೆಮ್ಮೆ ನನಗೆ ಇತ್ತು, ಈಗಲೂ ಇದೆ. ಆದರೆ ಆ ವಾರ ಆ ಹೆಮ್ಮೆ ಮಾಡಿದ ಕೆಲಸ ನೆನೆಸಿಕೊಂಡರೆ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೋಮವಾರ ಬೆಳಿಗ್ಗೆ ಗಿರಾಕಿ ಕಂಪನಿಯಿಂದ ದೂರು ಬಂತು. ನಾವು ಕಳಿಸಿದ ಮೂರು ಬಾಡಿ ಸೋರುತ್ತಿವೆ, ಆ ಲಾಟಿನ ಪರೀಕ್ಷೆಯ ದಾಖಲೆ ಶುಕ್ರವಾರದೊಳಗೆ ಬೇಕು, ಇಲ್ಲವಾದರೆ ಮುಂದಿನ ಆರ್ಡರ್ ನಿಲ್ಲಿಸುತ್ತೇವೆ ಅಂತ. ಆರು ತಿಂಗಳ ಹಿಂದೆ ಬಂದ ಕ್ವಾಲಿಟಿ ಇಂಜಿನಿಯರ್ ಸಾಹೇಬರು ನನ್ನ ಲೇತಿನ ಹತ್ತಿರ ಬಂದರು. ಅಲ್ಲಿಯವರೆಗೆ ಅವರು ನನ್ನನ್ನು ಕರೆಯುತ್ತಿದ್ದದ್ದು ‘ಎಂಟನೇ ಕ್ಲಾಸ್ ಪ್ರೋಗ್ರಾಮರ್’ ಅಂತ. ಅವತ್ತು ಮೇಸ್ತ್ರಿ ಆಗಿಬಿಟ್ಟೆ.

“ಮೇಸ್ತ್ರಿ, ಆ ಲಾಟ್ ಟೆಸ್ಟ್ ಆದ ಮೂರು ದಿನದ ಫೈಲ್ ತಗೊಳ್ರಿ. ಅರ್ಧ ಕೇಜಿಗಿಂತ ಜಾಸ್ತಿ ಡ್ರಾಪ್ ಆಗಿದ್ರೂ ಓಕೆ ಅಂತ ಬರೆದಿರೋ ಪೀಸ್ ಯಾವ್ಯಾವು, ಯಾರು ಬರೆದಿದ್ದು, ಒಂದು ಲಿಸ್ಟ್ ಬೇಕು.”

“ಮಧ್ಯಾಹ್ನಕ್ಕೆ ಕೊಡ್ತೀನಿ ಸಾರ್,” ಅಂದೆ. ಕೊಟ್ಟೆ.

ಫೈಲಿನ ಲೆಕ್ಕಾಚಾರ ಸರಳ. ಒಂದು ಪೀಸಿಗೆ ಒಂದು ಸಾಲು. ಸಾಲಿನೊಳಗೆ ಏಳು ಕಾಲಂ, ನಡುವೆ ಅಲ್ಪವಿರಾಮ. ಪೀಸ್ ನಂಬರ್, ಪರೀಕ್ಷೆ ಮಾಡಿದವರ ಟೋಕನ್ ನಂಬರ್, ಹೀಟ್ ನಂಬರ್, ಶುರುವಿನ ಒತ್ತಡ, ಕೊನೆಯ ಒತ್ತಡ, ಎಷ್ಟು ನಿಮಿಷ, ಷರಾ. ಹೀಟ್ ನಂಬರ್ ಅಂದರೆ ಆ ತುಂಡನ್ನು ಯಾವ ಸಲ ಕರಗಿಸಿದ ಕಬ್ಬಿಣದಿಂದ ಹೊಯ್ದದ್ದು ಎಂಬ ಗುರುತು. ನನ್ನ ಪ್ರೋಗ್ರಾಂ ಒಂದೊಂದೇ ಸಾಲು ಓದಿ, ಸ್ಟ್ರ್‌ಟಾಕ್ ಎಂಬ ಸಿದ್ಧ ಫಂಕ್ಷನ್‌ನಿಂದ ಅಲ್ಪವಿರಾಮ ಇದ್ದಲ್ಲೆಲ್ಲ ಕತ್ತರಿಸಿ, ಮೂರನೇ ತುಂಡು ಹೀಟು, ನಾಲ್ಕನೇ ತುಂಡು ಶುರುವಿನ ಒತ್ತಡ, ಐದನೆಯದು ಕೊನೆಯ ಒತ್ತಡ ಅಂತ ಎತ್ತಿಟ್ಟುಕೊಳ್ಳುತ್ತಿತ್ತು. ಕಚೇರಿಯಲ್ಲಿ ಕೂತು ರಿಜಿಸ್ಟರ್ ನೋಡಿ ಟೈಪ್ ಮಾಡುತ್ತಿದ್ದ ಕಾಲದಿಂದ ಅದು ನಡೆದುಕೊಂಡು ಬಂದಿತ್ತು. ಒಂದೂವರೆ ತಿಂಗಳ ಹಿಂದೆಯಷ್ಟೇ ಮೇಜಿನ ಪಕ್ಕಕ್ಕೇ ಕೀಬೋರ್ಡ್ ಇಟ್ಟು, ಪರೀಕ್ಷೆ ಮಾಡಿದವರೇ ತುಂಬಲಿ ಅಂದಿದ್ದರು.

ಪಟ್ಟಿಯಲ್ಲಿ ಎಂಬತ್ತೊಂದು ಪೀಸ್ ಬಂದವು. ಎಂಬತ್ತೊಂದೂ ಅಕ್ಕನ ಟೋಕನ್ನು. ಇನ್ನೊಂದು ಪಾಳಿಯವನ ಒಂದೂ ಇಲ್ಲ.

ಸಾಹೇಬರು ಆ ಹಾಳೆಯನ್ನು ಫೋಟೋ ಹೊಡೆದು ಫ್ಯಾಕ್ಟರಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಒಂದು ಸಾಲು: ‘ಕಣ್ಣು ಮುಚ್ಚಿ ಓಕೆ ಬರೆದರೆ ಏನಾಗುತ್ತದೆ ಎಲ್ಲರೂ ನೋಡಿ.’ ಆಮೇಲೆ ಅಕ್ಕನನ್ನು ಕರೆಸಿದರು. ಫ್ಯಾಕ್ಟರಿಯ ಯಜಮಾನರೂ ಇದ್ದರು. ಮಷಿನ್ ಶಾಪಿನ ನಡುವೆ, ಎಲ್ಲರ ಎದುರಿಗೆ.

ಅಕ್ಕ ಹಾಳೆಯನ್ನು ಹತ್ತಿರ ಹಿಡಿದು ಓದಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಅಣ್ಣ, ಹತ್ತು ಪಾಯಿಂಟ್ ಒಂಬತ್ತು ಕೇಜಿ ಇಳದೈತೆ ಅಂತ ಐತಲ್ಲ ಇದ್ರಾಗೆ?”

“ಹೌದಕ್ಕ.”

“ಹದಿನಾರ್ರಾಗೆ ಹನ್ನೊಂದು ಇಳದ್ರೆ ಆ ನೀರು ಎಲ್ಲಿಗೆ ಹೋತು? ನನ್ ಸೀರೆ ತೊಯ್ಬೇಕಿತ್ತಲ್ಲ? ಎಂಬತ್ತೊಂದು ಸಲ ತೊಯ್ದಿದ್ರೆ ನಾನು ಈಜಿಕೊಂಡು ಮನೀಗೆ ಹೋಗ್ಬೇಕಿತ್ತು.”

ಒಂದಿಬ್ಬರು ನಕ್ಕರು. ಸಾಹೇಬರು ನಗಲಿಲ್ಲ. “ತಮಾಷೆ ಬೇಡಮ್ಮ. ಕಂಪ್ಯೂಟರ್ ಹೇಳ್ತಾ ಇದೆ.”

“ಕಂಪ್ಯೂಟರ್‌ಗೆ ಹೇಳಿಕೊಟ್ಟೋರು ಯಾರ್ರೀ? ಇವ್ರೇ ಅಲ್ಲೇನು? ಅಣ್ಣ, ನಿಮ್ದು ಎಲ್ಲೋ ತಪ್ಪೈತೆ. ನೋಡ್ರಿ ಒಂದ್ ಸಲ.”

ಅಷ್ಟು ಸರಿಯಾದ ಮಾತನ್ನು ಅವತ್ತು ಆ ಶಾಪಿನಲ್ಲಿ ಇನ್ಯಾರೂ ಆಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಜಮಾನರ ಎದುರಿಗೆ, ಇಪ್ಪತ್ತು ಜನರ ಎದುರಿಗೆ ನನ್ನ ಪ್ರೋಗ್ರಾಮಿಗೆ ತಪ್ಪು ಅನ್ನುವುದೇ?

“ನನ್ನ ಪ್ರೋಗ್ರಾಂ ಸುಳ್ಳು ಹೇಳಲ್ಲಕ್ಕ. ನೀವು ಬರೆದಿದ್ದನ್ನೇ ಅದು ಓದೋದು,” ಅಂದೆ.

ಅವರು ಹಾಳೆಯನ್ನು ನನ್ನ ಕೈಗೆ ವಾಪಸ್ ಇಟ್ಟರು. ಸಾಹೇಬರು ಅವರನ್ನು ಪೇಂಟಿಂಗ್ ಕಡೆಗೆ ಕಳಿಸಿದರು. ಮುಂದಿನ ಸೋಮವಾರದಿಂದ ಬರುವುದು ಬೇಡ, ಪತ್ರ ತಯಾರಾಗುತ್ತದೆ ಅಂದರು.

ಮಂಗಳವಾರ ದಾವಣಗೆರೆಯ ನಿಟ್ಟುವಳ್ಳಿಯ ಮನೆಯಿಂದ ಬೈಕಿನಲ್ಲಿ ಹೊರಟವನಿಗೆ ದಾರಿಯುದ್ದಕ್ಕೂ ಅದೇ ಮಾತು: ಆ ನೀರು ಎಲ್ಲಿಗೆ ಹೋಯಿತು? ಹದಿನಾರು ಕೇಜಿ ಒತ್ತಡದ ನೀರು ಹೊರಗೆ ಬರುವುದೆಂದರೆ ಹುಡುಗಾಟವಲ್ಲ. ಆ ಮೂರು ದಿನ ಅಕ್ಕ ಪರೀಕ್ಷೆ ಮಾಡಿದ ತೊಂಬತ್ತು ಪೀಸಿನಲ್ಲಿ ಎಂಬತ್ತೊಂದು ಸೋರಿದ್ದರೆ ಗಿರಾಕಿಯ ದೂರು ಮೂರಕ್ಕೇ ಯಾಕೆ ನಿಂತಿತು? ನಾನು ಇಪ್ಪತ್ತು ವರ್ಷ ಲೋಹ ಕೊರೆದವನು. ಲೇತಿನ ಮೇಲೆ ಇಂಥ ಅಳತೆ ಬಂದಿದ್ದರೆ ಮೊದಲು ಅಳತೆಯ ಕಡ್ಡಿಯನ್ನೇ ಅನುಮಾನಿಸುತ್ತಿದ್ದೆ. ಇಲ್ಲಿ ಕಡ್ಡಿ ನನ್ನದು, ಅದಕ್ಕೇ ಅನುಮಾನ ಬರಲಿಲ್ಲ.

ಪಾಳಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕಂಪ್ಯೂಟರ್ ಹಚ್ಚಿ, ಪ್ರೋಗ್ರಾಂ ಪ್ರತಿ ಸಾಲಿನಲ್ಲಿ ಏನು ಓದಿತು ಎಂಬುದನ್ನು ಪೂರ್ತಿ ತೆರೆಯ ಮೇಲೆ ಬರುವಂತೆ ಮಾಡಿದೆ. ಕೊನೆಯ ಒತ್ತಡ: ಐದು. ಮುಂದಿನ ಸಾಲು: ಐದು. ಅದರ ಮುಂದಿನದೂ ಐದು. ಎಂಬತ್ತೊಂದು ಪೀಸ್ ಸೋರಿ ಸೋರಿ ಎಲ್ಲವೂ ಕರಾರುವಾಕ್ಕಾಗಿ ಐದಕ್ಕೆ ಬಂದು ನಿಂತಿವೆ! ಶುರುವಿನ ಒತ್ತಡ ಹದಿನೈದು ಪಾಯಿಂಟ್ ಒಂಬತ್ತು. ಹೀಟ್ ನಂಬರಿನ ಜಾಗದಲ್ಲಿ ಹದಿನಾರು.

ಐದು ಅನ್ನುವುದು ಒತ್ತಡ ಅಲ್ಲ, ನಿಮಿಷ.

ಆಮೇಲೆ ಮೂಲ ಫೈಲನ್ನೇ ತೆರೆದೆ. ಮೊದಲನೇ ದಿನವೇ ಮಾಡಬೇಕಿದ್ದ ಕೆಲಸ. ಅಕ್ಕನ ಸಾಲುಗಳಲ್ಲಿ ಟೋಕನ್ನಿನ ಮುಂದೆ ಎರಡು ಅಲ್ಪವಿರಾಮ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಏನೂ ಇಲ್ಲ. ಹೀಟ್ ನಂಬರ್ ಖಾಲಿ. ತೊಂಬತ್ತರಲ್ಲಿ ಒಂಬತ್ತು ಸಾಲಿನಲ್ಲಿ ಮಾತ್ರ ಅದು ತುಂಬಿತ್ತು. ಪಟ್ಟಿಗೆ ಬರದೆ ಉಳಿದವು ಆ ಒಂಬತ್ತೇ.

ಯಾಕೆ ಖಾಲಿ ಎಂಬುದನ್ನು ಯಾರನ್ನೂ ಕೇಳಬೇಕಿರಲಿಲ್ಲ. ನಮ್ಮ ಶಾಪಿನ ರಿಜಿಸ್ಟರ್ ನೋಡಿದವರಿಗೆಲ್ಲ ಗೊತ್ತು. ಹೀಟ್ ನಂಬರನ್ನು ಒಮ್ಮೆ ಬರೆದರೆ, ಅದು ಬದಲಾಗುವವರೆಗೆ ಕೆಳಗಿನ ಮನೆಗಳನ್ನು ಖಾಲಿ ಬಿಡುವುದು. ಖಾಲಿ ಅಂದರೆ ಮೇಲಿನದೇ. ಮೊದಲಿನಿಂದ ಹಾಗೇ ನಡೆದಿದೆ. ನಾನೂ ಹೊಸದಾಗಿ ಸೇರಿದಾಗ ಹಾಗೇ ಬರೆದವನು. ಕಚೇರಿಯಲ್ಲಿ ಟೈಪ್ ಮಾಡುವವರು ಆ ಖಾಲಿಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಅಕ್ಕ ಕೀಬೋರ್ಡಿನಲ್ಲೂ ರಿಜಿಸ್ಟರಿನ ಪದ್ಧತಿಯನ್ನೇ ಹಿಡಿದರು. ಇನ್ನೊಂದು ಪಾಳಿಯವನು ಮೇಲಿನ ಸಾಲನ್ನು ಇಡಿಯಾಗಿ ನಕಲು ಹೊಡೆದು ಅಂಕಿ ಬದಲಿಸುವ ಸೋಮಾರಿ, ಅವನದು ತುಂಬಿತ್ತು. ಸೋಮಾರಿ ಗೆದ್ದ, ನಿಯಮ ಪಾಲಿಸಿದವರು ಸಿಕ್ಕಿಬಿದ್ದರು.

ಸ್ಟ್ರ್‌ಟಾಕ್ ಮಾಡುವುದೇನೆಂದರೆ, ಎರಡು ಅಲ್ಪವಿರಾಮ ಪಕ್ಕಪಕ್ಕ ಬಂದರೆ ಎರಡನ್ನೂ ಸೇರಿಸಿ ಒಂದೇ ಅಂದುಕೊಂಡು ದಾಟಿಬಿಡುತ್ತದೆ. ನಡುವಿನ ಖಾಲಿ ಅದರ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಮುಂದಿನ ಕಾಲಮ್ಮುಗಳೆಲ್ಲ ಒಂದೊಂದು ಮನೆ ಎಡಕ್ಕೆ ಸರಿದವು. ಹದಿನೈದು ಪಾಯಿಂಟ್ ಒಂಬತ್ತರಲ್ಲಿ ಐದು ಕಳೆದರೆ ಹತ್ತು ಪಾಯಿಂಟ್ ಒಂಬತ್ತು. ಒಬ್ಬ ಹೆಣ್ಣುಮಗಳ ಹನ್ನೊಂದು ವರ್ಷದ ಹೆಸರು ಹಾಳಾಗಲು ಅಷ್ಟು ಸಾಕಾಯಿತು. ಸ್ಟ್ರ್‌ಟಾಕಿನ ಈ ಗುಣ ನನ್ನ ಪುಸ್ತಕದಲ್ಲೇ ಇತ್ತು. ಆ ಪುಟಕ್ಕೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಎಡಕ್ಕೆ ಸರಿದರೆ ಕೊನೆಯ ಷರಾ ಕಾಲಂ ಸಿಗುವುದಿಲ್ಲ, ಅಲ್ಲವೇ? ಹೌದು. ಮೇಜಿಗೆ ಕೀಬೋರ್ಡ್ ಬಂದ ಮೊದಲ ವಾರ ಪ್ರೋಗ್ರಾಂ ಕೆಲವು ಸಾಲುಗಳ ಮೇಲೆ ಬಿದ್ದುಹೋಗುತ್ತಿತ್ತು. ಷರಾ ಸಿಗುತ್ತಿಲ್ಲ ಎಂದು ಅದು ತನಗೆ ತಿಳಿದ ರೀತಿಯಲ್ಲಿ ಕೂಗುತ್ತಿತ್ತು. ನಾನು ಏನು ಮಾಡಿದ್ದೆ? ಒಂದು ಸಾಲು ಸೇರಿಸಿದ್ದೆ: ಷರಾ ಸಿಗದಿದ್ದರೆ ಓಕೆ ಎಂದುಕೊ. ಬೀಳುವುದು ನಿಂತಿತು. ಯಜಮಾನರು ಭೇಷ್ ಅಂದರು. ಯಾಕೆ ಸಿಗುತ್ತಿಲ್ಲ ಎಂದು ನೋಡುವ ತಾಳ್ಮೆ ನನಗಿರಲಿಲ್ಲ; ಅದರ ಬಾಯಿ ಮುಚ್ಚಿಸಿ ಕೈ ತೊಳೆದುಕೊಂಡಿದ್ದೆ.

ಸಾಹೇಬರ ಲ್ಯಾಪ್‌ಟಾಪಿನಲ್ಲಿ ಆ ಫೈಲನ್ನು ಒಮ್ಮೆ ತೆರೆದಿದ್ದರೂ ಸಾಕಿತ್ತು, ಖಾಲಿ ಮನೆಗಳು ಸಾಲಾಗಿ ಕಣ್ಣಿಗೆ ಹೊಡೆಯುತ್ತಿದ್ದವು. ಅವರು ತೆರೆಯಲಿಲ್ಲ. ಅವರಿಗೆ ಬೇಕಿದ್ದದ್ದು ಒಂದು ಹೆಸರು. ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟವನು ನಾನು.

ಅವತ್ತೇ ಸ್ಟ್ರ್‌ಟಾಕ್ ಕಿತ್ತು ಹಾಕಿದೆ. ಸಾಲನ್ನು ಒಂದೊಂದೇ ಅಕ್ಷರವಾಗಿ ಓದುವ ಫಂಕ್ಷನ್ ನಾನೇ ಬರೆದೆ. ಅಲ್ಪವಿರಾಮ ಬಂದರೆ ಆ ಕಾಲಂ ಮುಗಿಯಿತು, ಒಳಗೆ ಏನೂ ಇಲ್ಲದಿದ್ದರೂ ಅದು ಒಂದು ಕಾಲಮ್ಮೇ. ಏಳು ಆಗದಿದ್ದರೆ ಆ ಸಾಲಿನ ನಂಬರ್ ಹೇಳಿ ನಿಲ್ಲಬೇಕು. ಓಡಿಸಿದೆ. ಈಗ ಒಂದೇ ಒಂದು ಪೀಸೂ ಓಕೆ ಇಲ್ಲ! ಅಕ್ಕನದೂ ಇಲ್ಲ, ಇನ್ನೊಬ್ಬನದೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚಿನ ಅಕ್ಷರ ಕೂತಿತ್ತು. ಓಕೆಯ ಬಾಲಕ್ಕೆ ಅದು ಅಂಟಿಕೊಂಡು, ಪ್ರೋಗ್ರಾಮಿಗೆ ಅದು ಓಕೆ ಅಂತಲೇ ಅನಿಸುತ್ತಿರಲಿಲ್ಲ. ಅದನ್ನೂ ಕತ್ತರಿಸಿದೆ. ಆಗ ಬಂತು ನಿಜವಾದ ಲೆಕ್ಕ: ಅರ್ಧ ಕೇಜಿಗಿಂತ ಹೆಚ್ಚು ಇಳಿದೂ ಓಕೆ ಆದ ಪೀಸ್, ಅಕ್ಕನ ಟೋಕನ್ನಿನಲ್ಲಿ, ಸೊನ್ನೆ.

ಬುಧವಾರ ಸಾಹೇಬರಿಗೆ ತೋರಿಸಿದೆ. ಅವರು ಹಾಳೆ ನೋಡಿ, “ಹೀಟ್ ನಂಬರ್ ಖಾಲಿ ಇದೆಯಲ್ಲ? ದಾಖಲೆ ಅಪೂರ್ಣ. ಅದೂ ಅವಳದೇ ತಪ್ಪು,” ಅಂದರು.

“ಖಾಲಿ ಅಂದ್ರೆ ಮೇಲಿನದೇ ಸಾರ್. ಶಾಪಿನ ಪದ್ಧತಿ.”

“ಅದು ನಿಮ್ಮ ಪದ್ಧತಿ. ನೀವೇ ತುಂಬಿದರೆ ಡೇಟಾ ತಿದ್ದಿದ ಹಾಗೆ.”

ಆ ಮಾತಿನಲ್ಲಿ ಸ್ವಲ್ಪ ನ್ಯಾಯ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಹಾಗಾದರೆ ತಿದ್ದುವುದು ಬೇಡ, ನೋಡಿಯೇ ಬರೆಯೋಣ ಅಂದುಕೊಂಡೆ. ಹೀಟ್ ನಂಬರ್ ಎರಕದ ಮೈಮೇಲೇ ಉಬ್ಬಿಕೊಂಡಿರುತ್ತದೆ. ಆ ಎಂಬತ್ತೊಂದರಲ್ಲಿ ಅರವತ್ತು ಗಿರಾಕಿಗೆ ಹೋಗಿದ್ದವು, ಇಪ್ಪತ್ತೊಂದು ಇನ್ನೂ ನಮ್ಮ ಗೋಡೌನಿನಲ್ಲಿದ್ದವು. ಬುಧವಾರ ಮತ್ತು ಗುರುವಾರ ಲೇತನ್ನು ಬೇರೆಯವರಿಗೆ ಒಪ್ಪಿಸಿ, ಒಂದೊಂದನ್ನೂ ಹೊರಳಿಸಿ, ಬಣ್ಣದ ಮೇಲೆ ಸೀಮೆಸುಣ್ಣ ಉಜ್ಜಿ ನಂಬರ್ ಓದಿದೆ. ಇಪ್ಪತ್ತೊಂದೂ ಮೇಲಿನ ಸಾಲಿನ ಹೀಟಿಗೇ ತಾಳೆಯಾದವು. ಆಮೇಲೆ ಮೇಜಿಗೆ ಏರಿಸಿ ಒಂದೊಂದಕ್ಕೂ ಐದು ನಿಮಿಷ ಕೊಟ್ಟೆ. ಒಂದೂ ಸೋರಲಿಲ್ಲ. ಕಳಿಸಿದ ಅರವತ್ತರ ಹೀಟನ್ನು ಅಕ್ಕನ ಸಾಲುಗಳ ಪ್ರಕಾರ ಮೇಲಿನಿಂದ ತುಂಬಿ, ಹಾಗೆ ತುಂಬಿದ್ದಕ್ಕೆಲ್ಲ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿದೆ. ಆಗ ಇನ್ನೊಂದು ಸಂಗತಿ ಹೊರಬಿತ್ತು. ಗಿರಾಕಿ ದೂರಿದ ಮೂರೂ ಪೀಸು ಒಂದೇ ಹೀಟಿನವು. ಆ ಹೀಟಿನ ಎರಕದ ಒಳಗೇ ಗಾಳಿಗುಳ್ಳೆ ಇದ್ದು, ಗಿರಾಕಿಯವರು ತಮ್ಮಲ್ಲಿ ಇನ್ನೊಂದು ತೂತು ಕೊರೆದಾಗ ಬಾಯಿ ಬಿಟ್ಟಿತ್ತು. ಯಜಮಾನರು ಫೋನ್ ಮಾಡಿ ಕೇಳಿದಾಗ ಅವರೇ ಒಪ್ಪಿಕೊಂಡರು.

ಶುಕ್ರವಾರ ಬೆಳಿಗ್ಗೆ ಸಾಹೇಬರು ಖುಷಿಯಲ್ಲಿದ್ದರು. “ಫೌಂಡ್ರಿ ತಪ್ಪು ಅಂತಾಯ್ತು. ಕೊಡಿ ಮೇಸ್ತ್ರಿ ಆ ರಿಪೋರ್ಟು, ಕಳಿಸಿಬಿಡೋಣ.”

“ಅಕ್ಕನ ವಿಷಯ ಏನ್ ಸಾರ್?”

“ನೋಡೋಣ ಬಿಡ್ರಿ. ಮುಂದಿನ ವಾರ.”

“ಸೋಮವಾರದಿಂದ ಬರಬ್ಯಾಡ ಅಂದೀರಿ. ಮುಂದಿನ ವಾರ ನೋಡೋಕೆ ಅವ್ರು ಎಲ್ಲಿರ್ತಾರೆ?”

“ಅದು ನಿಮಗೆ ಸಂಬಂಧವಿಲ್ಲದ್ದು.”

ಪ್ರಿಂಟ್ ಆದ ಹಾಳೆಗಳು ನನ್ನ ಕೈಯಲ್ಲಿದ್ದವು. ಅವನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡೆ. ಆ ಪ್ರೋಗ್ರಾಂ ಓಡಿಸಲು ಆ ಶಾಪಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅಷ್ಟು ವರ್ಷದಲ್ಲಿ ಆ ಸಂಗತಿಯನ್ನು ಬೆದರಿಕೆಯಾಗಿ ಬಳಸಿದ್ದು ಅದೊಂದೇ ಸಲ.

“ಸಂಬಂಧ ಐತೆ ಸಾರ್. ತಪ್ಪು ನನ್ನದು. ಎಲ್ಲರ ಮುಂದೆ ಅವ್ರ ಮರ್ಯಾದೆ ತೆಗೆದ್ವಿ, ಎಲ್ಲರ ಮುಂದೇನೇ ವಾಪಸ್ ಕೊಡ್ಬೇಕು. ಗುಂಪಿನಾಗೆ ಬರೀರಿ. ಕ್ವಾಲಿಟಿ ರಿಜಿಸ್ಟರ್‌ನಾಗೂ ಬರೀರಿ, ನಾನೂ ಸಹಿ ಮಾಡ್ತೀನಿ, ನೀವೂ ಮಾಡ್ರಿ. ಆಮೇಲೆ ರಿಪೋರ್ಟು.”

“ಬ್ಲ್ಯಾಕ್‌ಮೇಲಾ? ಎಂಟನೇ ಕ್ಲಾಸ್ ಓದಿದವರ ಕೈಗೆ ಕಂಪ್ಯೂಟರ್ ಕೊಟ್ಟರೆ ಹೀಗೇ ಆಗೋದು.”

“ನನ್ ತಪ್ಪು ಹುಡುಕಿದ್ದೂ ಎಂಟನೇ ಕ್ಲಾಸೇ ಸಾರ್. ಡಿಗ್ರಿ ಓದಿದೋರು ಫೋಟೋ ಹೊಡೆದ್ರಿ, ಅಷ್ಟೇ.”

ಧ್ವನಿ ಎಷ್ಟು ಏರಿತ್ತೆಂದರೆ, ಯಜಮಾನರು ಕ್ಯಾಬಿನ್ನಿನಿಂದ ಹೊರಗೆ ಬಂದರು. ನಡೆದದ್ದನ್ನು ಹೇಳಿದೆ. ಸ್ಟ್ರ್‌ಟಾಕ್, ಖಾಲಿ ಕಾಲಂ, ಬಾಯಿ ಮುಚ್ಚಿಸಿದ ಆ ಒಂದು ಸಾಲು, ಒಂದನ್ನೂ ಬಿಡದೆ. ಯಜಮಾನರು ಪೂರ್ತಿ ಕೇಳಿಸಿಕೊಂಡರು.

“ನಿನ್ನ ಪ್ರೋಗ್ರಾಂ ಸುಳ್ಳು ಹೇಳಲ್ಲ ಅಂದಿದ್ಯಲ್ಲೋ?”

“ಅಂದಿದ್ದೆ. ಸುಳ್ಳು ಹೇಳ್ತು.”

“ಹ್ಞೂಂ. ಬರೀರಿ ಸಾಹೇಬ್ರೆ, ಇವತ್ತೇ ರಿಪೋರ್ಟ್ ಹೋಗ್ಬೇಕು,” ಅಂದು ಒಳಗೆ ಹೋದರು. ನ್ಯಾಯಕ್ಕಾಗಿ ಅಂದರೋ ಆರ್ಡರಿಗಾಗಿ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಾಹೇಬರು ಗುಂಪಿನಲ್ಲಿ ಬರೆದರು: ‘ತಾಂತ್ರಿಕ ದೋಷವನ್ನು ಸರಿಪಡಿಸಲಾಗಿದೆ.’ ಅಷ್ಟೇ. ಯಾರ ದೋಷ, ಯಾರಿಗೆ ಏನಾಯಿತು, ಏನೂ ಇಲ್ಲ. ಬಯ್ಯುವಾಗ ಟೋಕನ್ ನಂಬರ್ ಸಮೇತ, ತಪ್ಪು ಒಪ್ಪುವಾಗ ಹೆಸರೇ ಇಲ್ಲ! ನಾನು ಫೋನ್ ತೆಗೆದು ಅದರ ಕೆಳಗೇ ಬರೆದೆ: ‘ಸೋಮವಾರದ ಪಟ್ಟಿ ತಪ್ಪು. ತಪ್ಪು ನನ್ನ ಪ್ರೋಗ್ರಾಮಿನದು, ಅಕ್ಕನದಲ್ಲ. ತೊಂಬತ್ತೂ ಪೀಸಿನ ಪರೀಕ್ಷೆಯನ್ನು ಅವರು ಸರಿಯಾಗಿಯೇ ಮಾಡಿದ್ದಾರೆ. ಅವತ್ತು ಅವರ ಮಾತು ಕೇಳದೆ ಎದುರು ಮಾತಾಡಿದ್ದಕ್ಕೆ ನಾಚಿಕೆಯಾಗುತ್ತಿದೆ.’ ಕೆಳಗೆ ನನ್ನ ಹೆಸರು. ರಿಜಿಸ್ಟರಿನಲ್ಲಿ ಇಬ್ಬರ ಸಹಿ ಬಿದ್ದ ಮೇಲೆ ಜೇಬಿನಿಂದ ಹಾಳೆ ತೆಗೆದು ಕೊಟ್ಟೆ.

ಸೋಮವಾರ ಅಕ್ಕ ಮೇಜಿಗೆ ಬಂದರು. ನಾನು ಹತ್ತಿರ ಹೋಗಿ ನಿಂತೆ. ಅವರು ಬೋಲ್ಟು ಬಿಗಿಯುತ್ತಲೇ ಇದ್ದರು.

“ಓದ್ದೆ ಅಣ್ಣ. ಗುಂಪಿನಾಗೆ ಇರೋ ನನ್ ತಂಗಿ ಗಂಡನೂ ಓದ್ದ. ಆದ್ರೆ ಮೊದ್ಲಿನ ಫೋಟೋ ನಮ್ ಓಣಿ ತುಂಬಾ ಹೋಗೈತೆ. ನೀವು ಬರ್ದಿದ್ದು ಇನ್ನೂ ಮನೆ ಬಾಗಿಲು ದಾಟಿಲ್ಲ.”

“ಏನ್ ಮಾಡ್ಲಿ ಹೇಳಕ್ಕ.”

“ಆ ಖಾಲಿ ಜಾಗ ತುಂಬ್ರಿ ಅಂದ್ರೆ ತುಂಬ್ತೀನಿ, ಅದೇನು ದೊಡ್ಡದಲ್ಲ. ನನ್ ಸಿಟ್ಟು ಅದಕ್ಕಲ್ಲ. ಪಟ್ಟಿ ತೆಗಿಯೋಕೆ ಮುಂಚೆ ನನ್ನ ಒಂದ್ ಮಾತು ಕೇಳಿದ್ರೆ ನಿಮ್ ಗಂಟು ಏನು ಹೋಗ್ತಿತ್ತು? ಹತ್ತು ಹೆಜ್ಜೆ. ಇಲ್ಲೇ ಇದ್ನಲ್ಲ ನಾನು.”

ಅವತ್ತು ಊಟದ ಬಿಡುವಿನಲ್ಲಿ ಪ್ರೋಗ್ರಾಮಿಗೆ ಇನ್ನೊಂದು ತುಂಡು ಸೇರಿಸಿದೆ. ಕಾಲಂ ಖಾಲಿ ಇದ್ದರೆ, ಅಂಕಿ ಅಸಂಬದ್ಧ ಅನಿಸಿದರೆ, ಅದು ಈಗ ತಾನೇ ಏನೂ ಊಹಿಸುವುದಿಲ್ಲ. ಆ ಸಾಲನ್ನು ತೆರೆಯ ಮೇಲೆ ಹಾಗೇ ತೋರಿಸಿ ನಿಂತುಬಿಡುತ್ತದೆ. ಆ ಪೀಸನ್ನು ಪರೀಕ್ಷೆ ಮಾಡಿದವರು ಬಂದು, ನೋಡಿ, ತಮ್ಮ ಟೋಕನ್ ಒತ್ತುವವರೆಗೆ ಮುಂದಕ್ಕೆ ಹೋಗುವುದಿಲ್ಲ, ಪ್ರಿಂಟೂ ಕೊಡುವುದಿಲ್ಲ.

ಮೊನ್ನೆ ಸಾಹೇಬರು ಅವಸರದಲ್ಲಿ ಬಂದರು. ರಿಪೋರ್ಟ್ ಅರ್ಧಕ್ಕೆ ನಿಂತಿತ್ತು.

“ಇದೇನ್ರೀ ಮತ್ತೆ? ಎಷ್ಟೊತ್ತು?”

“ಅಕ್ಕ ಊಟಕ್ಕೆ ಕೂತಾರೆ ಸಾರ್. ಕೈ ತೊಳ್ಕಂಡು ಬರ್ತಾರೆ.”

“ಅಲ್ಲಿವರೆಗೆ ನಾನಿಲ್ಲಿ ನಿಂತಿರಬೇಕಾ?”

ಪಕ್ಕದಲ್ಲಿದ್ದ ಸ್ಟೂಲನ್ನು ಅವರ ಕಡೆ ತಳ್ಳಿದೆ.

“ಕೂಡ್ರಿ ಸಾರ್,” ಅಂದು ನನ್ನ ಲೇತಿಗೆ ಹೋದೆ.